ಒಗ್ಗರಣೆ ತನಕ ಹತ್ತಿಸಿದ ಸಲ್ಮಕ್ಕ

ನಿಮ್ಮನ್ನ ಆಪರೇಷನ್ ಟೇಬಲ್ ಮೇಲೆ ಮಲಗಿಸಿದಾರೆ ಅಂದ್ಕೊಳ್ಳಿ. ಎದೆ ಡವಡವ ಅಂತಿದೆ. ಆಗ ಮೂಗು ಬಾಯಿ ಮುಚ್ಕೊಂಡಿರೋ ಒಬ್ಬ ಡಾಕ್ಟರಮ್ಮ ಬಗ್ಗಿ, "ನಿಮ್ಮನೇಲಿ ಹುಳಿಗೆ ಏನೇನ್ ಹಾಕ್ತೀರಿ?" ಅಂತ ಕೇಳಿದ್ರೆ ಏನ್ ಹೇಳ್ತೀರಿ? ಹೇಳಿ ನೋಡೋಣ. ಬೇಡ ಬಿಡಿ, ನೀವು ಮುಗಿಸೋಲ್ಲ. ಯಾರೂ ಮುಗಿಸಿಲ್ಲ.

ಹಾಗೆ ಕೇಳ್ತಿದ್ದೋರು ನಮ್ಮ ಸಲ್ಮಾ ಡಾಕ್ಟ್ರು. ಎಂಬತ್ತನೇ ಇಸವಿ ಆಸುಪಾಸಲ್ಲಿ ಪರ್ತಿನ ಒಂದು ಆಸ್ಪತ್ರೇಲಿ ಅನಸ್ತೇಶಿಯಾ ಕೊಡೋರು, ಅಂದ್ರೆ ಕುಯ್ಯೋ ಮುಂಚೆ ಮಲಗಿಸೋ ಡಾಕ್ಟ್ರು. ಬೇರೆಯವರು ಪೇಷೆಂಟಿಗೆ ಹತ್ತರಿಂದ ಹಿಂದಕ್ಕೆ ಎಣಿಸು ಅಂತಾರೆ. ಇವರದು ಅಡುಗೆ. ಅಲ್ಲಿನ ಅಜ್ಜಿಯರಿಗೆ ಕೇಕು ಹೇಗ್ಮಾಡ್ತೀರಿ ಅಂತ, ಗಂಡಸರಿಗೆ ಬಾರ್ಬಿ, ಅಂದ್ರೆ ಅಲ್ಲಿನೋರು ಅಂಗಳದಲ್ಲಿ ಮಾಂಸ ಸುಡೋ ಒಲೆ, ಅದರ ಬೆಂಕಿ ಹೇಗ್ ಹಚ್ತೀರಿ ಅಂತ. "ಒಬ್ಬನೂ ಕಡ್ಡಿ ಗೀರೋ ತನಕ ಬಂದಿಲ್ಲ ಕಣೇ. ಇದ್ದಿಲು ಸುರೀತಾ ಸುರೀತಾ ಗೊರಕೆ," ಅಂತ ನಗೋರು.

ಕುಳ್ಳಗೆ, ದಪ್ಪ ಕನ್ನಡಕ, ಸಲ್ವಾರಿನ ಬಲಗಾಲಿಗೆ ಬಟ್ಟೆ ಒಣಹಾಕೋ ಕ್ಲಿಪ್ಪು. ಸೈಕಲ್ ಚೈನಿಗೆ ಬಟ್ಟೆ ಸಿಕ್ಕಿಹಾಕ್ಕೋಬಾರ್ದು ಅಂತ. ತೆಗೆಯೋದು ಮರೆತು ಹಾಗೇ ವಾರ್ಡಿಗೂ ಹೋಗ್ಬಿಡೋರು. ಎಲ್ಲಾ ಡಾಕ್ಟ್ರೂ ದೊಡ್ಡ ದೊಡ್ಡ ಕಾರಲ್ಲಿ ಬಂದ್ರೆ ಇವರು ಸೈಕಲಲ್ಲಿ. ಹಿಂದಿನ ಕ್ಯಾರಿಯರಿಗೆ ಟಿಫನ್ ಡಬ್ಬಿ ಕಟ್ತಿದ್ದಿದ್ದು ಹಗ್ಗದಲ್ಲಲ್ಲ, ಹಳೇ ಸ್ಟೆತಾಸ್ಕೋಪಿನ ರಬ್ಬರ್ ಕೊಳವೇಲಿ. "ಬೇಕಾದಷ್ಟು ಎದೆ ಕೇಳಿದೆ ಇದು. ರಿಟೈರಾದ್ಮೇಲೆ ಡಬ್ಬಿ ಕಾಯ್ಲಿ."

ಮೈಸೂರು ಮಂಡಿ ಮೊಹಲ್ಲಾದೋರು. ಅವರಪ್ಪಂದು ಬಾಡಿಗೆ ಸೈಕಲ್ ಅಂಗಡಿ. ಮಗಳು ಅದೇ ಸೈಕಲ್ ತುಳಿದು ಮೆಡಿಕಲ್ ಕಾಲೇಜಿಗೆ ಹೋದ್ಳು, ಅದೇ ಚಟ ಸಮುದ್ರ ದಾಟಿಸ್ಕೊಂಡು ಬಂದ್ಳು. ಯಾಕೆ ಮದ್ವೆ ಆಗ್ಲಿಲ್ಲ ಅಂತ ನಾನೊಂದ್ಸಲ ಕೆಣಕಿದ್ದೆ. "ಡಬಲ್ ರೈಡಿಂಗ್ ನಂಗಾಗಲ್ಲ," ಅಂದ್ರು. ನಾನು ಮೊದ್ಲು ಆಂಟಿ ಅಂತಿದ್ದೆ. "ಇನ್ನೊಂದ್ಸಲ ಆಂಟಿ ಅಂದ್ರೆ ನಿನ್ನ ಟಯರಿನ ಗಾಳಿ ತೆಗೀತೀನಿ," ಅಂದ್ರು. ಅವತ್ತಿಂದ ಸಲ್ಮಕ್ಕ.

ಸೈಕಲ್ ಕಲಿಸಿದ್ದೂ ಅವರೇ. ಪರ್ತಿನ ಹೊರಗೆ ಜೂಂಡಲಪ್ ಕಡೆ ಆಗ ಬರೀ ಕುರುಚಲು ಕಾಡು, ಒಂದು ಕೆರೆ. ಭಾನುವಾರ ಅಲ್ಲಿ ನಾನು ಅವರ ಸಲ್ವಾರ್ ತೊಟ್ಕೊಂಡು ಬೀಳೋದು, ಅವರು ಎಬ್ಬಿಸೋದು. ಬ್ರಿಸ್ಬೇನಿನ ಮೊಮ್ಮಗಳಿಗೆ ಇದನ್ನ ಹೇಳಿದ್ರೆ "ಅಜ್ಜಿ, ನೋ ವೇ!" ಅಂತಾಳೆ. ವೇ ಇತ್ತು ಮಗಳೇ, ತುಂಬಾ ಏರಿತ್ತು ಅಷ್ಟೇ.

ಇನ್ನು ನನ್ನ ವಿಷಯ. ಬಿಎಸ್ಸಿ ಮದ್ವೆ ಅಂತ ಅರ್ಧಕ್ಕೆ ಬಿಟ್ಟಿದ್ದೆ. ಪರ್ತಿಗೆ ಬಂದ್ಮೇಲೆ ಡ್ರೈವಿಂಗ್ ಅರ್ಧಕ್ಕೆ, ಹೊಲಿಗೆ ಕ್ಲಾಸ್ ಅರ್ಧಕ್ಕೆ. ಒಂದು ಸ್ವೆಟರಿಗೆ ಇವತ್ತಿಗೂ ಒಂದೇ ತೋಳು. ಆಸ್ಪತ್ರೆ ಲ್ಯಾಬಲ್ಲಿ ಕೆಲಸ ಮಾಡೋಕೆ ಒಂದು ಕೋರ್ಸಿದೆ, ಸೇರ್ತೀನಿ ಅಂತ ಒಂದಿನ ಸಲ್ಮಕ್ಕ, ಇನ್ನೊಂದಿಷ್ಟು ಜನ ನಮ್ಮನೆಗೆ ಊಟಕ್ಕೆ ಬಂದಾಗ ಹೇಳಿದೆ. ನಮ್ಮವರೂ ಸಲ್ಮಕ್ಕನ ಆಸ್ಪತ್ರೇಲೇ ಡಾಕ್ಟ್ರು, ಕೆಟ್ಟೋರೇನಲ್ಲ, ನಾಲಿಗೆ ಮಾತ್ರ ಚೂರಿ. "ಸೇರ್ಕೋ ವಿಮಲ. ಆ ಒಂಟಿ ತೋಳಿನ ಸ್ವೆಟರ್ ಪಕ್ಕ ಇದನ್ನೂ ಮಡಚಿಡೋಣ," ಅಂದ್ರು. ಎಲ್ರೂ ನಕ್ಕರು. ನಾನೂ ನಕ್ಕೆ. ಅವರು ಹೇಳಿದ್ದು ನಿಜ ಅಂತ ನಂಗೂ ಅನ್ಸಿತ್ತಲ್ಲ, ಅದೇ ಚುಚ್ಚಿದ್ದು.

ನಗದೇ ಇದ್ದೋರು ಸಲ್ಮಕ್ಕ ಒಬ್ರೇ. ಚಮಚ ಕೆಳಗಿಟ್ರು. "ರಮೇಶ್, ರಜಕ್ಕೆ ನಾನು ಬಾಲಿಗೆ ಹೋಗ್ತಿದೀನಿ, ಸೈಕಲ್ ತಗೊಂಡು. ಈ ಕಡೆ ಸಮುದ್ರದಿಂದ ಬೆಂಕಿಬೆಟ್ಟ ಹತ್ತಿ ಆ ಕಡೆ ಸಮುದ್ರಕ್ಕೆ ಇಳಿಯೋದು. ಇವಳನ್ನೂ ಕರ್ಕೊಂಡ್ ಹೋಗ್ತೀನಿ. ಮಧ್ಯ ಎಲ್ಲಾದ್ರೂ ಗಾಡಿ ಹತ್ತಿದ್ರೆ ಇವಳು ಕಾಲೇಜು ಅನ್ಬಾರ್ದು. ಹತ್ತದೇ ಇದ್ರೆ ನೀನು ಅರ್ಧ ಅನ್ಬಾರ್ದು."

"ಡನ್ ಡಾಕ್ಟ್ರೇ," ಅಂದ್ಬಿಟ್ರು ನಮ್ಮವರು. ನನ್ನನ್ನ ಯಾರೂ ಕೇಳ್ಲೇ ಇಲ್ಲ!

ಬಾಲಿ ಅಂದ್ರೆ ಇಂಡೋನೇಷ್ಯಾದ ದ್ವೀಪ. ಪರ್ತಲ್ಲಿ ವಿಮಾನ ಹತ್ತಿದ್ರೆ ಒಂದು ನಿದ್ದೆ ದೂರ. ಸೈಕಲ್‌ಗಳನ್ನ ಬಿಚ್ಚಿ ಡಬ್ಬಕ್ಕೆ ತುಂಬಿ ತಗೊಂಡ್ ಹೋದ್ವಿ. ಮೊದಲ್ನೇ ದಿನ ಗದ್ದೆ, ತೆಂಗು, ಕೋಳಿ, ನಾಯಿ. ರೋಡು ಏರ್ತಿದೆ ಅಂತ ಕಣ್ಣಿಗೆ ಗೊತ್ತಾಗಲ್ಲ, ಮಂಡಿಗೆ ಗೊತ್ತಾಗತ್ತೆ.

ಅಲ್ಲಿ ನಂದೊಂದು ಎಡವಟ್ಟು. ಆ ಊರಲ್ಲಿ ಬೆಳಗಾದ್ರೆ ಪ್ರತಿ ಮನೆ, ಪ್ರತಿ ಅಂಗಡಿ ಮುಂದೆ ತೆಂಗಿನಗರಿಯ ಪುಟ್ಟ ತಟ್ಟೇಲಿ ಹೂವು, ಅನ್ನದ ಅಗುಳು, ಊದಿನಕಡ್ಡಿ ಇಡ್ತಾರೆ. ಎಷ್ಟೋ ಕಡೆ ರೋಡಿಗೇ ಇಟ್ಟಿರ್ತಾರೆ. ದೇವರಿಗೆ ಇಟ್ಟಿದ್ದರ ಮೇಲೆ ಚಕ್ರ ಹೋದ್ರೆ? ನಾನು ಅಗ್ರಹಾರದ ಹುಡುಗಿ. ಇಳಿದೆ, ಕೈ ಮುಗಿದೆ, ಸೈಕಲ್ ಎತ್ತಿ ದಾಟಿಸ್ದೆ, ಹತ್ತಿದೆ. ಮುಂದಿನ ಅಂಗಡಿ. ಇಳಿದೆ, ಕೈ ಮುಗಿದೆ. ಬಿಸಿಲು ನೆತ್ತಿಗೆ ಬಂದ್ರೂ ಒಂದು ಬೀದಿ ಮುಗಿದಿಲ್ಲ.

ಸಲ್ಮಕ್ಕ ಮರದ ಕೆಳಗೆ ನಿಂತು ನೋಡ್ತಿದ್ರು. "ವಿಮಲಾ, ಹೀಗೆ ಪ್ರತಿ ಎಲೆಗೂ ಇಳಿದ್ರೆ ಮುಂದಿನ ಜನ್ಮದಲ್ಲಿ ತಲುಪ್ತೀವಿ. ನಿನಗಿದೆ ಮುಂದಿನ ಜನ್ಮ. ನಂಗಿಲ್ಲ."

ಅಷ್ಟರಲ್ಲಿ ಒಂದು ಕೋಳಿ ಬಂದು ನಾನು ಕೈ ಮುಗಿದ ಅನ್ನಾನ ಕುಕ್ಕಿ ತಿಂತು. ಆ ಅಂಗಡಿ ಮುದುಕಿ ಓಡಿಸ್ತಾಳೆ ಅಂದ್ಕೊಂಡ್ರೆ, ಬೊಚ್ಚುಬಾಯಲ್ಲಿ ನಕ್ಕು ನಂಗೇ "ಹೋಗು ಹೋಗು" ಅಂತ ಕೈ ಬೀಸಿದ್ಲು. "ನೋಡು, ಪೂಜೆ ಮುಗೀತಂತೆ. ತುಳಿ," ಅಂದ್ರು ಸಲ್ಮಕ್ಕ.

ನಿಜವಾದ ಏರು ಸಿಕ್ಕಿದ್ದು ಮಾರನೇ ದಿನ. ಗದ್ದೆ ಮುಗೀತು, ತಣ್ಣನೆ ಮಂಜು ಇಳೀತು. ರೋಡು ಗೋಡೆಗೆ ಒರಗಿಸಿದ ಏಣಿ ಥರ ನಿಂತಿತ್ತು. ಸಲ್ಮಕ್ಕನ ಸೂತ್ರ ಒಂದಿತ್ತು: "ಏರಲ್ಲಿ ಮುಂದಿನ ಚಕ್ರ ನೋಡು, ಇಳಿಜಾರಲ್ಲಿ ದೂರ ನೋಡು." ನೋಡ್ದೆ. ಚಕ್ರ ತಿರುಗ್ತಾನೇ ಇರ್ಲಿಲ್ಲ. ಒಂದು ತಿರುವಲ್ಲಿ ಇಳಿದು ಕಲ್ಲಿನ ಮೇಲೆ ಕೂತ್ಬಿಟ್ಟೆ. ಹಿಂದಿಂದ ಅಲ್ಲಿನ ಬಾಡಿಗೆ ವ್ಯಾನ್ ಬಂತು, ಜನ, ಎಲೆಕೋಸಿನ ಮೂಟೆ, ಒಂದು ಹಂದಿಮರಿ ಎಲ್ಲಾ ತುಂಬ್ಕೊಂಡು. ನಾನು ಕೈ ಅಡ್ಡ ಹಾಕಿದೆ. ಡ್ರೈವರ್ ಇಳಿದು ನನ್ನ ಸೈಕಲ್ ಎತ್ತಿ ಮೇಲೆ ಏರಿಸೂ ಆಯ್ತು.

"ಸಲ್ಮಕ್ಕ, ನಮ್ಮವರು ಹೇಳಿದ್ದು ಸರಿ. ನಂದು ಇಷ್ಟೇ."

ಬೈತಾರೆ ಅಂದ್ಕೊಂಡೆ. ಅವರು ಕನ್ನಡಕದ ಮಂಜು ಒರೆಸ್ತಾ, "ಹೋಗು. ಅದಿರ್ಲಿ, ಬಿಸಿಬೇಳೆ ಬಾತಿನ ಪುಡಿಗೆ ಏನೇನ್ ಹುರೀತೀಯ?" ಅಂದ್ರು.

"ನಂಗೆ ಗೊತ್ತು ನಿಮ್ಮ ಆಟ. ನಾನು ನಿಮ್ಮ ಪೇಷೆಂಟಲ್ಲ."

"ಮಲಗಿಸೋಕೆ ಸೂಜಿ ಬೇಕಮ್ಮಾ. ಸುಮ್ನೆ ಕೇಳ್ದೆ. ನಾನಾದ್ರೆ ಮೊದ್ಲು ಬೆಳ್ಳುಳ್ಳಿ ಹುರೀತೀನಿ."

"ಬೆಳ್ಳುಳ್ಳೀನಾ? ಬಿಸಿಬೇಳೆಗಾ?"

"ಮತ್ತೆ? ಇಷ್ಟುದ್ದ ಕ್ಯಾರೆಟ್ಟು, ಕೊನೇಲಿ ಒಂದಿಷ್ಟು ಸಕ್ಕರೆ."

"ಸಲ್ಮಕ್ಕ! ಮೈಸೂರಲ್ಲಿ ಹುಟ್ಟಿದೀರಾ ನೀವು? ಕಡಲೆಬೇಳೆ, ಉದ್ದಿನಬೇಳೆ, ಕೊತ್ತಂಬರಿಬೀಜ, ಮೆಣಸಿನಕಾಯಿ, ಚಕ್ಕೆ..."

ಅವರು ಆಗ್ಲೇ ಸೈಕಲ್ ಹತ್ತಿ ಹೊರಟಿದ್ರು. "ಕೇಳಿಸ್ತಿಲ್ಲ! ಎಷ್ಟು ಬೆಳ್ಳುಳ್ಳಿ ಅಂದೆ?"

ಆ ಡ್ರೈವರಿಗೆ ಏನನ್ನಿಸ್ತೋ, ನಾನು ಕೂಗಾಡ್ತಾ ಸೈಕಲ್ ಕೆಳಗಿಳಿಸು ಅಂತ ಕೈಸನ್ನೆ ಮಾಡಿದ್ದಕ್ಕೆ ನಗ್ತಾ ಇಳಿಸ್ಕೊಟ್ಟ. ಹಂದಿಮರಿ ಸಮೇತ ಇಡೀ ವ್ಯಾನು ನೋಡ್ತಿತ್ತು. ನಾನು ಹಿಂದಿಂದ ಅರಚ್ಕೊಂಡು ತುಳಿದೆ. ಒಂದು ತಿರುವಲ್ಲಿ ಮರಾಠಿ ಮೊಗ್ಗು, ಒಂದು ತಿರುವಲ್ಲಿ ಗಸಗಸೆ, ಒಂದರಲ್ಲಿ ಕೊಬ್ಬರಿ. ಹುಣಸೆಹಣ್ಣು ಕಿವುಚೋ ಹೊತ್ತಿಗೆ ತೊಡೆ ಉರಿ. ಅವರು ಮುಂದಿಂದ, "ತರಕಾರಿ ಯಾವಾಗ? ನಿಧಾನ ಹೇಳು, ತಳ ಹಿಡಿಯತ್ತೆ!" ಅಂತ ಕೂಗೋರು. ತುಪ್ಪ ಕಾಯಿಸಿ ಸಾಸಿವೆ, ಕರಿಬೇವು, ಗೋಡಂಬಿ ಹಾಕೋಷ್ಟರಲ್ಲಿ ರೋಡು ಚಪ್ಪಟೆ ಆಗ್ಬಿಡ್ತು.

ಮಂಜು ಸರೀತು. ಕೆಳಗೆ ದೊಡ್ಡ ಬಾಣಲೆ ಥರ ಕಣಿವೆ, ಅದರಲ್ಲೊಂದು ಕೆರೆ, ನಡುವೆ ಕರೀ ಬೆಂಕಿಬೆಟ್ಟ. ಬೆಂಕಿಹೊಳೆ ಹರಿದು ಗಟ್ಟಿಯಾದ ಜಾಗ ಸೀದ ಪಾತ್ರೆ ತಳದ ಥರಾನೇ ಕಾಣ್ತಿತ್ತು. ನಂಗೆ ಉಸಿರಿಲ್ಲ. ಸಲ್ಮಕ್ಕ ನನ್ನ ಮಣಿಕಟ್ಟು ಹಿಡಿದು ನಾಡಿ ನೋಡಿದ್ರು.

"ಇಷ್ಟು ವರ್ಷದ ಸರ್ವೀಸಲ್ಲಿ ಒಗ್ಗರಣೆ ತನಕ ಎಚ್ಚರ ಇದ್ದೋಳು ನೀನೊಬ್ಳೇ ಕಣೇ," ಅಂದ್ರು.

ಮಾರನೇ ದಿನ ಉತ್ತರದ ಸಮುದ್ರಕ್ಕೆ ಇಳಿದ್ವಿ. ಇಳಿಜಾರಲ್ಲಿ ಅವರು ಪೋಲಿ ಹುಡುಗರ ಥರ ಸಿಳ್ಳೆ ಹಾಕೋರು. ಅಲ್ಲಿನ ಮರಳೂ ಕಪ್ಪು. ಮುಂದಿನ ಚಕ್ರ ನೀರಲ್ಲಿ ಅದ್ದಿ ನಿಂತೆ. ನಾನು ಮುಗಿಸಿದ ಮೊದಲನೇ ಕೆಲಸ ಅದು.

ಪರ್ತ್ ಏರ್‌ಪೋರ್ಟಲ್ಲಿ ನಮ್ಮವರು, "ಎಲ್ಲಿಂದ ಗಾಡಿ ಹತ್ತಿದ್ರಿ?" ಅಂದ್ರು. ಸಲ್ಮಕ್ಕ ಹೇಳಿದ್ದು ಇಷ್ಟೇ: "ಸೈಕಲ್ ಹತ್ತಿತ್ತು, ಇಳೀತು. ಇವಳು ಹತ್ಲಿಲ್ಲ." ನಮ್ಮವರು ನನ್ನ ಸುಟ್ಟ ಮೂಗು ನೋಡಿದ್ರು, ಅಂಗೈ ಬೊಬ್ಬೆ ನೋಡಿದ್ರು. "ಕಾಲೇಜು ಯಾವಾಗ ಶುರು?" ಅಂದ್ರು. ಅದಾದ್ಮೇಲೆ ಆ ಮನುಷ್ಯ ಅರ್ಧ ಲೋಟ ಕಾಫಿ ಕೂಡ ಕೇಳ್ಲಿಲ್ಲ, "ಸ್ವಲ್ಪ" ಅನ್ನೋರು.

ನಾನು ಓದು ಮುಗಿಸ್ದೆ, ಲ್ಯಾಬ್ ಸೇರ್ದೆ. ಸಲ್ಮಕ್ಕ ಅಡಿಲೇಡಿಗೆ ಹೋದ್ರು, ಅಲ್ಲಿ ಗುಡ್ಡ ಚೆನ್ನಾಗಿದೆ ಅಂತ. ಎಂಬತ್ತರ ದಶಕ ಮುಗಿಯೋ ಹೊತ್ತಿಗೆ ಅವರಿಗೆ ಕಾಯಿಲೆ ಅಂತ ಗೊತ್ತಾಗಿ ವಿಮಾನ ಹತ್ತಿದೆ. ಅದೇ ಕೊನೇ ಭೇಟಿ. ಬೆಡ್‌ಫರ್ಡ್ ಪಾರ್ಕ್ ಬಡಾವಣೆಯ ಆಸ್ಪತ್ರೆ, ಕಿಟಕಿ ತುಂಬಾ ಗುಡ್ಡ. ಹಾಸಿಗೇಲಿ ಇನ್ನೂ ಕುಳ್ಳಗಾಗಿದ್ರು. ನೋವು ಇತ್ತು, ತೋರಿಸ್ತಿರ್ಲಿಲ್ಲ. ನರ್ಸು ಬಂದು ಇಂಜೆಕ್ಷನ್ ಕೊಟ್ಟು ಹೋದ್ಳು. ನಾನು ಬಗ್ಗಿ ಕಿವೀಲಿ, "ಸಲ್ಮಕ್ಕ, ನಿಮ್ಮಮ್ಮ ಮಾಡ್ತಿದ್ದ ಬೇಳೆ ಸೋರೆಕಾಯಿ ದಾಲ್ಚಾಗೆ ಏನೇನ್ ಹಾಕ್ತೀರಿ?" ಅಂತ ಕೇಳ್ದೆ.

ತುಟಿ ಅಂಚಲ್ಲಿ ನಕ್ಕರು. "ಕಡಲೆಬೇಳೆ ನೆನೆಹಾಕು... ಸೋರೆಕಾಯಿ ದಪ್ಪ ದಪ್ಪ ಹೆಚ್ಚು... ಹುಣಸೆ..." ಮಾತು ನಿಧಾನ ಆಯ್ತು, ಕಣ್ಣು ಮುಚ್ಚಿತು.

"ಒಗ್ಗರಣೆ ಬಾಕಿ ಇದೆ ಅಕ್ಕ," ಅಂದೆ, ಕೈ ಬಿಡದೆ. "ಅರ್ಧಕ್ಕೆ ಬಿಡ್ಬೇಡಿ."

ಒಂದೇ ಒಂದು ಕಣ್ಣು ತೆರೆದ್ರು.

"ಅರ್ಧಕ್ಕೆ ಬಿಡೋದು ನೀನೊಬ್ಳೇ ಗುತ್ತಿಗೆ ತಗೊಂಡಿದೀಯೇನೆ? ಈಗ ನನ್ನ ಸರದಿ. ಒಗ್ಗರಣೆ ನೀನೇ ಹಾಕು. ಬೆಳ್ಳುಳ್ಳಿ ಬಿಟ್ಟೆ ಅಂದ್ರೆ ಎದ್ದು ಬಂದು ಗಾಳಿ ತೆಗೀತೀನಿ."