ಅಲ್ಲಾಡದ ಕಲ್ಲು

ಸಂಜೆ ಹೊತ್ತು ಪೊದೆಯ ಬುಡದಲ್ಲಿ ಕಲ್ಲು ಕಂಡರೆ ಈಗಲೂ ನನ್ನ ಕಾಲು ನಿಂತುಬಿಡುತ್ತದೆ. ಆಗ ಕುವೆಂಪುನಗರದ ಎದುರುಮನೆಯ ಮೇಷ್ಟ್ರು ನೆನಪಾಗುತ್ತಾರೆ.

ಅವರ ಹತ್ತಿರ ಲಕ್ಷಗಟ್ಟಲೆ ಬೆಲೆಯ ಲೆನ್ಸಿತ್ತು. ಹಕ್ಕಿ ನೋಡಲು ಹೊರಟರೆ ಅದನ್ನು ಹಳೇ ಪಂಚೆಯಲ್ಲಿ ಸುತ್ತಿ, ನನ್ನ ಸ್ಕೂಟರಿನ ಹಿಂದೆ ಅವುಚಿಕೊಂಡು ಕೂರುತ್ತಿದ್ದರು. ನನ್ನದು ಅಗ್ಗದ ಜೂಮ್ ಲೆನ್ಸು. ವ್ಯತ್ಯಾಸ ಕೇಳಿದಾಗಲೆಲ್ಲ ಅವರದು ಒಂದೇ ಮಾತು: "ಬೆಳಕಿದ್ರೆ ಎರಡೂ ಒಂದೇ ಕಣ್ರೀ."

ಇಲವಾಲದಾಚೆಯ ಕೆರೆಯಲ್ಲಿ ಒಂದು ಸಂಜೆ ಕೊಕ್ಕರೆಗಳಿಗಾಗಿ ಕಾಯುತ್ತಿದ್ದೆವು. ಮಬ್ಬಾದಂತೆ ನನ್ನ ಲೆನ್ಸು ಫೋಕಸ್ ಸಿಗದೆ ತಡಕಾಡತೊಡಗಿತು. ಅಲ್ಲಾಡದ್ದನ್ನು ಮೊದಲು ಹಿಡಿಯಬೇಕೆಂದು ಅವರೇ ಕಲಿಸಿದ್ದರು. ಪೊದೆಯ ಕೆಳಗಿದ್ದ ಕಲ್ಲಿಗೆ ಗುರಿಯಿಟ್ಟು ಒಂದು ಫೋಟೊ ತೆಗೆದೆ.

"ಮೇಷ್ಟ್ರೇ, ಆ ಕಲ್ಲನ್ನ ಹಿಡ್ಕೊಳ್ಳಿ" ಎಂದೆ.

ಅವರ ಕ್ಯಾಮೆರಾ ಅತ್ತ ತಿರುಗಿ ಒಮ್ಮೆ ಕ್ಲಿಕ್ಕೆಂದಿತು. ಆಮೇಲೆ ಅವರ ಕೈ ನನ್ನ ಮಂಡಿಯನ್ನು ಬಿಗಿಯಾಗಿ ಹಿಡಿಯಿತು.

"ಓಡ್ಬೇಡಿ. ಬೆನ್ನು ತೋರಿಸ್ದೆ ನಿಧಾನಕ್ಕೆ ಹಿಂದಕ್ಕೆ ಬನ್ನಿ."

ಇಬ್ಬನಿ ತಾಗಲೂ ಬಿಡದಿದ್ದ ಲೆನ್ಸನ್ನು ಸ್ಟ್ಯಾಂಡಿನ ಮೇಲೆ ಹಾಗೇ ಬಿಟ್ಟು, ನನ್ನ ತೋಳು ಹಿಡಿದು ಸ್ಕೂಟರಿನ ತನಕ ಹಿಂದುಹಿಂದಕ್ಕೆ ನಡೆದರು.

ಮರುದಿನ ಕೆರೆ ಪಕ್ಕದ ಊರಿನವರನ್ನು ಕರೆದುಕೊಂಡು ಹೋಗಿ ಲೆನ್ಸು ತಂದೆವು. ಮೇಷ್ಟ್ರು ಎರಡೂ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಅಕ್ಕಪಕ್ಕ ಇಟ್ಟರು. ನನ್ನದರಲ್ಲಿ ಮಸುಕು ಮಸುಕಾದ ಕಲ್ಲು. ಅವರದರಲ್ಲಿ ಚಿರತೆ, ಮೀಸೆಯ ಒಂದೊಂದು ಕೂದಲೂ ಸ್ಪಷ್ಟ. ಅದರ ಕಣ್ಣು ಅವರ ಲೆನ್ಸಿನ ಕಡೆಗಿರಲಿಲ್ಲ. ಸ್ವಲ್ಪ ಎಡಕ್ಕೆ, ನಾನು ಕೂತಿದ್ದ ಜಾಗವನ್ನು ನೋಡುತ್ತಿತ್ತು.