ಶಶಿಕಾಂತ ಕೊಡದ ಅನುಮತಿ

ಧಾರವಾಡದ ಶಶಿಕಾಂತ ಪವಾಯಿಯ ಕಂಪನಿಯೊಂದರಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತಿದ್ದ. ಭಾಂಡುಪ್‌ನಲ್ಲಿ ಮನೆ. ಹೆಂಡತಿ ಶೀತಲ ಶಾಲೆಯಲ್ಲಿ ಶಿಕ್ಷಕಿ. ಅವನಿಗಿದ್ದ ಒಂದೇ ಗೀಳೆಂದರೆ ಹಿಂದುಸ್ತಾನಿ ಗಾಯನ. ವರ್ಷಗಟ್ಟಲೆ ಕೊಂಡ ಸಿ.ಡಿ.ಗಳನ್ನೆಲ್ಲ ಟಿಫಿನ್ ಡಬ್ಬಿಯಷ್ಟು ಪುಟ್ಟ ಕಂಪ್ಯೂಟರಿಗೆ ತುಂಬಿ, ಅದನ್ನು ಹಾಲ್‌ನ ದೊಡ್ಡ ಸ್ಪೀಕರುಗಳಿಗೆ ಜೋಡಿಸಿದ್ದ. ರಾಗಕ್ಕೊಂದು ಫೋಲ್ಡರು, ಅದರೊಳಗೆ ಗಾಯಕರು, ಅದರೊಳಗೆ ವರ್ಷ. ಹೊಸದೇನಾದರೂ ಸೇರಿಸಬೇಕೆಂದರೆ ಮಾತ್ರ ಪೆನ್‌ಡ್ರೈವ್ ಹಿಡಿದು ಟಿವಿ ಸ್ಟ್ಯಾಂಡಿನ ಹಿಂದೆ ತೂರಬೇಕಾಗುತ್ತಿತ್ತು.

ಆ ಕಂಪ್ಯೂಟರಿನ ಫೋಲ್ಡರನ್ನು ಮನೆಯ ವೈಫೈ ಮೇಲೆ ಶೇರ್ ಮಾಡಬಹುದೆಂದು ಆಫೀಸಿನ ಕಿಶೋರ ಹೇಳಿಕೊಟ್ಟ. ಒಂದು ರವಿವಾರ ಶಶಿಕಾಂತ ಕುಳಿತು ಮಾಡಿಯೇ ಬಿಟ್ಟ. ತನ್ನ ಲ್ಯಾಪ್‌ಟಾಪಿನಿಂದ ಹಾಡು ಹಾಕಬಹುದು, ತೆಗೆಯಬಹುದು. ಉಳಿದವರು ಕೇಳಬಹುದು ಅಷ್ಟೆ, ಏನೂ ಹಾಕುವಂತಿಲ್ಲ. ಹಾಗೆ ಸೆಟ್ಟಿಂಗ್ ಇಟ್ಟ.

ಸಂಜೆ ಶೀತಲ ಫೋನ್ ಹಿಡಿದು ಬಂದಳು. "ಏನ್ರೀ, ನಿಮ್ಮ ಹಾಡಿನ ಫೋಲ್ಡರ್ ಇದರಾಗೂ ಕಾಣಸ್ತದ. ದೊಡ್ಡವ್ವನ ಪದ ಹಾಕಾಕ ಹೋದ್ರ ಪರ್ಮಿಷನ್ ಇಲ್ಲ ಅಂತ ಬರಾಕತ್ತದ."

ದೊಡ್ಡವ್ವ ಅಂದರೆ ವಿಜಯಪುರದ ಮಲ್ಲಕ್ಕ, ಶೀತಲಳನ್ನು ಸಾಕಿದವಳು. ದೀಪಾವಳಿಗೆ ಹೋದಾಗ ಶೀತಲ ಅವಳ ಎದುರು ಕುಳಿತು, ಅವಳು ಹಾಡಿದ ಬೀಸುವ ಪದಗಳನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಬಂದಿದ್ದಳು. ಅಡುಗೆ ಮಾಡುತ್ತ ಅವನ್ನು ದೊಡ್ಡ ಸ್ಪೀಕರಿನಲ್ಲಿ ಕೇಳಬೇಕೆಂದು ಅವಳ ಆಸೆ.

"ಅದು ಹಂಗ ಇರಲಿ. ಎಲ್ಲಾರೂ ಹಾಕಿದ್ರ ಕಲಸುಮೇಲೋಗರ ಆಗ್ತದ," ಎಂದ ಶಶಿಕಾಂತ.

"ಎಲ್ಲಾರೂ ಅಂದ್ರ ಯಾರ್ರೀ? ಮನ್ಯಾಗ ಇರಾವ್ರು ನಾವಿಬ್ರು."

"ಬರೋ ರವಿವಾರ ನಿನ್ನ ಫೋನ್‌ನಿಂದ ನಾನ ತಗೊಂಡು ಹಾಕ್ತೀನಿ."

ಆ ರವಿವಾರ ಅವನು ಹಾಕಲಿಲ್ಲ. ರಾಗದ ಹೆಸರಿಲ್ಲ, ಹಿಂದೆ ನಾಯಿ ಬೊಗಳುವ ಸದ್ದಿದೆಯಂತೆ. ಯಾವ ಫೋಲ್ಡರಿನಲ್ಲಿ ಇಡುವುದೆಂದು ಅವನಿಗೆ ತಿಳಿಯಲಿಲ್ಲ. ಶೀತಲ ಮತ್ತೂ ಒಂದೆರಡು ಸಲ ನೆನಪಿಸಿ, ಆಮೇಲೆ ಬಿಟ್ಟಳು.

ಮಳೆಗಾಲಕ್ಕೆ ಮುಂಚೆ ಮಲ್ಲಕ್ಕ ತೀರಿಕೊಂಡಳು. ಊರಿನಿಂದ ಮರಳಿದ ಶೀತಲಳ ಮುಖ ನೋಡಿ, ಹಾಡುಗಳನ್ನು ಈಗಲೇ ಕೊಡೆಂದು ಕೇಳುವುದು ಚೆನ್ನಾಗಿರಲಿಕ್ಕಿಲ್ಲವೆಂದು ಶಶಿಕಾಂತ ಸುಮ್ಮನಾದ. ಕೆಲವೇ ವಾರಗಳಲ್ಲಿ, ಲೋಕಲ್ ರೈಲಿನಿಂದ ಇಳಿಯುವ ನೂಕುನುಗ್ಗಲಲ್ಲಿ ಅವಳ ಫೋನ್ ಕಳೆದುಹೋಯಿತು. ಬ್ಯಾಕಪ್‌ನ ಜಾಗ ಎಂದೋ ತುಂಬಿತ್ತು. ಹೊಸ ಫೋನಿಗೆ ನಂಬರುಗಳು ಬಂದವು, ಒಂದಷ್ಟು ಹಳೆಯ ಫೋಟೊಗಳೂ ಬಂದವು. ಪದಗಳು ಬರಲಿಲ್ಲ.

ಅಂದು ಶಶಿಕಾಂತ ಸೆಟ್ಟಿಂಗ್ ತೆರೆದ. ಬದಲಿಸಬೇಕಾದದ್ದು ಒಂದೇ ಸಾಲು. ಬದಲಿಸಿ, ಅಡುಗೆಮನೆಗೆ ಹೋಗಿ ಹೇಳಿದ: "ಶೀತಲಾ, ಇನ್ನ ಮ್ಯಾಲೆ ನೀನೂ ಅದರಾಗ ಹಾಕಬಹುದು."

"ಏನ್ ಹಾಕ್ಲಿ?" ಎಂದಳು ಅವಳು, ಕೊತ್ತಂಬರಿ ಸೋಸುತ್ತ. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವನಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

ಮರುದಿನ ಆಫೀಸಿನಿಂದಲೇ ವಿಜಯಪುರಕ್ಕೆ ಫೋನ್ ಮಾಡಿದ. ಮಲ್ಲಕ್ಕನ ಮಗ ನವೀನ ಎತ್ತಿದ. ಅವಳ ಪದಗಳ ರೆಕಾರ್ಡಿಂಗ್ ಏನಾದರೂ ಇದೆಯೇ ಎಂದು ಶಶಿಕಾಂತ ಕೇಳಿದ. "ನಮ್ಮ ಕಡೆ ಎಲ್ಲಿದು, ಭಾವಾ? ಅವ್ವ ದಿನಾ ಹಾಡ್ತಿದ್ಲು. ದಿನಾ ಕೇಳೂದನ್ನ ಯಾರು ರೆಕಾರ್ಡ್ ಮಾಡ್ತಾರ?"

ಇದನ್ನು ಶೀತಲಳಿಗೆ ತಿಳಿಸಿದಾಗ ಅವಳು ಅಡುಗೆಮನೆಯಲ್ಲಿ ಅಕ್ಕಿ ತೊಳೆಯುತ್ತಿದ್ದಳು. ತೊಳೆಯುತ್ತಲೇ ಅಂದಳು: "ಹಾಕೂದು ಇರಲಿ. ನೀವು ಅವನ್ನ ಒಮ್ಮೆನೂ ಕೇಳಲಿಲ್ಲಲ್ರೀ."

ಅದು ನಿಜವಾಗಿತ್ತು. ಎಷ್ಟೋ ಸಂಜೆ ಅವಳು ಪಕ್ಕದಲ್ಲೇ ಕುಳಿತು ಇಯರ್‌ಫೋನಿನಲ್ಲಿ ಕೇಳಿಕೊಂಡಿದ್ದಳು. ಒಂದು ಕಿವಿಯದನ್ನು ತನಗೆ ಕೊಡೆಂದು ಅವನು ಕೇಳಿರಲಿಲ್ಲ.

"ನಿನಗ ಬರ್ತಾವಲ್ಲ, ಒಂದು ಹಾಡು," ಎಂದ.

ಶೀತಲ ಸಣ್ಣ ದನಿಯಲ್ಲಿ ಶುರುಮಾಡಿದಳು. ಎರಡು ಸಾಲು ಸರಾಗವಾಗಿ ಬಂದವು. ಮೂರನೆಯದಕ್ಕೆ ತಡವರಿಸಿ ನಿಂತಳು.

"ಮುಂದ ಬರವಲ್ದು," ಎಂದು ಗ್ಯಾಸ್ ಹಚ್ಚಿದಳು.

ಬಾಗಿಲಲ್ಲಿ ನಿಂತಿದ್ದ ಶಶಿಕಾಂತ ಒಳಗೆ ಬಂದು ಈರುಳ್ಳಿ ಹೆಚ್ಚಲು ಕುಳಿತ.