ವಿನಯಾ ಟೀಚರ ಕಾರಿನಲ್ಲಿ ಸಿಕ್ಕಿದ್ದು

ವಿನಯಾ ಟೀಚರ್, ನಿಮ್ಮ ಕಾರಿನ ಬ್ಯಾಟರಿ ಕೆಟ್ಟಿರಲಿಲ್ಲ. ನಾನು ನಿಮಗೆ ಸುಳ್ಳು ಹೇಳಿದೆ. ಹೊಸ ಬ್ಯಾಟರಿ ಕೂರಿಸಿ, "ಇನ್ನ್ ಹೆದ್ರಿಕಿ ಇಲ್ಲೆ" ಎಂದು ಕೀ ನಿಮ್ಮ ಕೈಗಿಟ್ಟೆನಲ್ಲ — ಆ ಹೊತ್ತಿಗೆ ನನಗೆ ಎಲ್ಲವೂ ಗೊತ್ತಿತ್ತು. ಇದಾಗಿ ಮೂರು ವರ್ಷ.

ಉಪ್ಪುಂದದ ಹೆದ್ದಾರಿ ಬದಿಯಲ್ಲಿ ನನ್ನದು ವಾಹನಗಳ ವಯರಿಂಗ್ ಅಂಗಡಿ. ನೀವು ಬೈಂದೂರಿನ ಶಾಲೆಗೆ ಹೋಗುವ ದಾರಿಯಲ್ಲೇ. ಒಂದೇ ತಿಂಗಳಲ್ಲಿ ಅದು ನೀವು ಬಂದ ಮೂರನೇ ಸಲ.

"ಇವತ್ತೂ ಸ್ಟಾರ್ಟ್ ಆಯ್ಲಿಲ್ಲೆ ಮರಾಯ್ರೆ, ಪಕ್ಕದ್ ಮನಿಯರ್ ದೂಡಿ ಕೊಟ್ರ್. ಎಂತ ಅಂದೇಳಿ ಸಮಾ ಕಾಣಿ" ಎಂದು ಕಾರು ಬಿಟ್ಟು ನೀವು ಬಸ್ಸು ಹತ್ತಿದಿರಿ.

ಸಮಾ ಕಂಡೆ. ಅದನ್ನೂ ಹೇಳುತ್ತೇನೆ — ನನ್ನ ಕೆಲಸದಲ್ಲಿ ಅಲ್ಲಿಯವರೆಗೆ ಮೋಸ ಇರಲಿಲ್ಲ. ಚಾರ್ಜ್ ಮಾಡಿ ಪರೀಕ್ಷಿಸಿದರೆ ಬ್ಯಾಟರಿ ಗಟ್ಟಿಯಾಗಿಯೇ ಇತ್ತು. ಎಂಜಿನ್ ಓಡುವಾಗ ಅದಕ್ಕೆ ಬರಬೇಕಾದಷ್ಟು ಕರೆಂಟು ಬರುತ್ತಿತ್ತು. ಹಾಗಿದ್ದರೆ ನಿಂತ ಕಾರು ಯಾರಿಗೋ ಕರೆಂಟು ಕೊಡುತ್ತಿದೆ ಎಂದೇ ಅರ್ಥ. ಬಾಗಿಲುಗಳನ್ನು ಲಾಕ್ ಮಾಡಿ, ಬ್ಯಾಟರಿಯ ಒಂದು ತಂತಿ ಬಿಡಿಸಿ ನಡುವೆ ಮೀಟರು ಸೇರಿಸಿ ಅರ್ಧ ಗಂಟೆ ಕಾದೆ. ಮಲಗಬೇಕಿದ್ದ ಕಾರು ಮಲಗಲೇ ಇಲ್ಲ, ಕರೆಂಟು ಹರಿಯುತ್ತಲೇ ಇತ್ತು. ಫ್ಯೂಸುಗಳನ್ನು ಒಂದೊಂದಾಗಿ ಕೀಳುತ್ತ ಬಂದೆ. ರೇಡಿಯೋದ ಫ್ಯೂಸು ಕಿತ್ತಾಗ ಮೀಟರಿನ ಅಂಕಿ ಧೊಪ್ಪನೆ ಇಳಿಯಿತು. ಆದರೆ ರೇಡಿಯೋ ಸರಿಯಾಗಿಯೇ ಇತ್ತು. ಆ ತಂತಿ ಹಿಡಿದು ಡ್ಯಾಶ್‌ಬೋರ್ಡಿನ ಹಿಂದೆ ಕೈ ಹಾಕಿದರೆ ಬೆರಳಿಗೆ ಟೇಪು ಸುತ್ತಿದ ಒಂದು ಡಬ್ಬಿ ತಾಗಿತು — ಬೆಂಕಿಪೆಟ್ಟಿಗೆಯಷ್ಟೇ, ಒಳಗೆ ಸಿಮ್ಮು. ಕಾರು ಎಲ್ಲಿದೆ ಎಂದು ಯಾರದೋ ಫೋನಿಗೆ ತಿಳಿಸುವ ಡಬ್ಬಿ.

ನಾನು ಮೊದಲು ಕೇಳಿಕೊಳ್ಳಬೇಕಾದದ್ದು, ಇದನ್ನು ಯಾರು ಇಟ್ಟರು ಎಂದು. ಕೇಳಿಕೊಂಡದ್ದು — ಟೀಚರ್ ಎಂತ ಮಾಡಿರಬಹುದು ಎಂದು.

ಅದಕ್ಕೊಂದು ಕಾರಣವೂ ನನ್ನಲ್ಲಿತ್ತು. ಸ್ಪೇರ್ ಪಾರ್ಟ್ಸ್ ತರಲು ಹೋದಾಗ ಸಾಲಿಗ್ರಾಮದ ಹತ್ತಿರ ನಿಮ್ಮ ಕಾರು ನೋಡಿದ್ದೆ. ಪಕ್ಕದ ಸೀಟಿನಲ್ಲಿ ಒಬ್ಬ ಗಂಡಸು. ನೀವಿಬ್ಬರೂ ಏನಕ್ಕೋ ನಗುತ್ತಿದ್ದಿರಿ. ಅಷ್ಟೇ ಕಂಡದ್ದು. ಉಳಿದದ್ದನ್ನೆಲ್ಲ ನಾನೇ ಸೇರಿಸಿಕೊಂಡೆ.

ಕಾರು ನಿಮ್ಮದು, ತಂದವರು ನೀವು. ಆದರೂ ನಾನು ಫೋನ್ ಮಾಡಿದ್ದು ನಿಮ್ಮ ಯಜಮಾನರಿಗೆ. ಡಬ್ಬಿ ಸಿಕ್ಕಿತೆಂದು ಹೇಳಿದ ಕೂಡಲೇ ಅವರೆಂದರು:

"ಅದ್ ಅಲ್ಲೇ ಇರ್ಲಿ. ಬ್ಯಾಟರಿ ಹೋಯ್ತ್ ಅಂದೇಳಿ ಹೇಳಿ. ಅವ್ಳಿಗೆ ಗೊತ್ತಾಪುಕಾಗ."

"ಆಯ್ತ್, ಅವ್ರಿಗೆ ಹೇಳುದಿಲ್ಲೆ" ಎಂದೆ.

ಬಾಯಿ ಮುಚ್ಚಿಕೊಂಡದ್ದಷ್ಟೇ ಆಗಿದ್ದರೆ — ಇಲ್ಲ, ಅಷ್ಟೇ ಅಲ್ಲ. ಆ ಡಬ್ಬಿಯನ್ನು ಇಟ್ಟವರಿಗೆ ಕೆಲಸ ಗೊತ್ತಿರಲಿಲ್ಲ. ಅದಕ್ಕೇ ಅದು ಹಗಲಿರುಳು ಕರೆಂಟು ಹೀರಿ ಸಿಕ್ಕಿಬಿದ್ದಿತ್ತು. ನಾನು ಅದನ್ನು ಕೀ ತಿರುಗಿಸಿದಾಗ ಮಾತ್ರ ಕರೆಂಟು ಬರುವ ತಂತಿಗೆ ಜೋಡಿಸಿದೆ. ಇನ್ನಷ್ಟು ಒಳಗೆ ತಳ್ಳಿ, ಅಲುಗಾಡದಂತೆ ಕಟ್ಟಿದೆ. ಇನ್ನು ಯಾರಿಗೂ ಸಿಗಬಾರದು, ಹಾಗೆ.

ಸಂಜೆ ಬಂದು ನೀವು ಕೇಳಿದಿರಿ, "ಹಳೇ ಬ್ಯಾಟರಿಗೆ ಎಂತ ಆದ್ದ್?" ನಿಮ್ಮ ಮುಖ ನೋಡದೆ ಕೈ ಒರೆಸಿಕೊಳ್ಳುತ್ತ, "ಒಳ್ಗೆ ಸತ್ತಿತ್" ಎಂದೆ.

ಎರಡು ತಿಂಗಳಲ್ಲಿ ನೀವು ಕಾರು ಬಿಟ್ಟು ಬಸ್ಸಿಗೆ ನಿಲ್ಲತೊಡಗಿದಿರಿ. ಅಂಗಡಿಯಿಂದ ನೋಡಿ ನನಗೆ — ಹೇಳಲು ನಾಚಿಕೆಯಾಗುತ್ತದೆ — ಒಂದು ಸಮಾಧಾನವಾಯಿತು. ನನ್ನ ಅಂದಾಜು ಸುಳ್ಳಾಗಲಿಲ್ಲ ಎಂದು.

ಕಳೆದ ವರ್ಷ ಒಬ್ಬರು ಸ್ಕೂಟರಿನ ಹಾರ್ನ್ ರಿಪೇರಿಗೆ ಬಂದರು. ನೋಡಿದ ಕೂಡಲೇ ಗುರುತು ಸಿಕ್ಕಿತು, ಅದೇ ಮನುಷ್ಯ. ನಾನು ಬೇಕೆಂದೇ ಕೆದಕಿದೆ. "ಹ್ವಾಯ್, ನಿಮ್ಮನ್ನ್ ವಿನಯಾ ಟೀಚರ ಕಾರಂಗ್ ಕಂಡಂಗಿತ್ತಲೆ?"

"ಹೌದ್, ನಾನ್ ದಿನೇಶ. ಅವ್ರ್ ತಂಗಿ ಗಂಡ" ಎಂದರು. ಬ್ರಹ್ಮಾವರದಲ್ಲಿ ಮನೆಯಂತೆ; ಟೈಲ್ಸ್ ಕೆಲಸಕ್ಕೆ ಈ ಕಡೆ ಬಂದಿದ್ದರು. "ನಮ್ದ್ ಜಾತಿ ಬೇರೆ. ತಂಗಿ ಮನಿ ಮೆಟ್ಲ್ ಹತ್ತುಕಾಗ ಅಂದೇಳಿ ಭಾವಯ್ಯ ಅಕ್ಕಂಗೆ ಹೇಳಿದ್ದಿದ್ರ್. ಆದ್ರೂ ಅಕ್ಕ ಶನಿವಾರ ಶಾಲಿ ಬಿಟ್ಟ್ ಮಗಿನ್ ಕಾಂಬುಕೆ ಬತ್ತಿದ್ರ್. ಒಂದಿನ ಭಾವಯ್ಯ ಸೀದಾ ಬಾಗ್ಲಿಗೇ ಬಂದ್ರ್. ಉಣ್ತಾ ಕೂತ ಅಕ್ಕನ್ನ ಎಬ್ಸಿ ಕರ್ಕಂಡ್ ಹೋದ್ರ್. ಮತ್ತೆ ಅಕ್ಕ ಬರ್ಲಿಲ್ಲೆ."

"ಟೀಚರ ಯಜಮಾನ್ರಿಗೆ ಹ್ಯಾಂಗ್ ಗೊತ್ತಾಯ್ತ್?" ಹಾರ್ನಿನ ತಂತಿ ಬಿಡಿಸುತ್ತ ಕೇಳಿದೆ.

"ಇನ್ಯಾರ್ ಹೇಳ್ತ್ರ್? ಅದೇ ಶಾಲಿಯಂಗಿಪ್ಪು ಸುಮತಿ ಟೀಚರ್ ಒಬ್ರಿಗೇ ಗೊತ್ತಿದ್ದಿತ್. ಹತ್ತ್ ವರ್ಷದ್ ದೋಸ್ತಿ. ಅಕ್ಕ ಈಗ ಅವ್ರತ್ರ ಮಾತಾಡುದೇ ಇಲ್ಲೆ."

ಆಗಲೂ ನಾನು ಬಾಯಿ ಬಿಡಲಿಲ್ಲ. ಹಾರ್ನ್ ಸರಿಮಾಡಿ ಕಳಿಸಿದೆ. ಒಂದು ವರ್ಷ — ಇವತ್ತು ಹೇಳಿದರಾಯಿತು, ನಾಳೆ ಹೇಳಿದರಾಯಿತು ಎಂದು — ಒಂದು ವರ್ಷ ಕಳೆದೆ. ಊರಿನವರು ನನ್ನನ್ನು ನಂಬಿ ಗಾಡಿ ಬಿಟ್ಟು ಹೋಗುತ್ತಾರೆ. ಆ ನಂಬಿಕೆ ಹೋಗುತ್ತದೆಂಬ ಭಯ. ನನ್ನ ಹೆಸರು ಉಳಿಯಲೆಂದು ಸುಮತಿ ಟೀಚರ ಹೆಸರು ಹಾಳಾಗಲು ಬಿಟ್ಟೆ.

ಹೇಳಿಬಿಡುತ್ತೇನೆ: ನಿಮ್ಮ ವಿಷಯ ಹೊರಗೆ ಹಾಕಿದ್ದು ಅವರಲ್ಲ. ಆ ಡಬ್ಬಿ, ಮತ್ತು ಅದು ಅಲ್ಲೇ ಇರುವಂತೆ ನೋಡಿಕೊಂಡ ನಾನು.

ನಿನ್ನೆ ಸಂಜೆ ಸುಮತಿ ಟೀಚರ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಬಾಗಿಲ ಚೌಕಟ್ಟು ಹಿಡಿದು ನಿಂತೇ ಎಲ್ಲ ಕೇಳಿಸಿಕೊಂಡರು.

"ನನ್ನತ್ರ ಹೇಳಿ ಎಂತ ಆಯ್ಕ್?" ಎಂದರು. "ಅವ್ಳತ್ರ ಹೋಯ್ ಹೇಳಿ."

ನಾಳೆ ಮಧ್ಯಾಹ್ನ ಈ ಕಾಗದ ಹಿಡಿದು ನಿಮ್ಮ ಶಾಲೆಗೆ ಬರುತ್ತೇನೆ. ನೀವು ಓದಿ ಮುಗಿಸುವವರೆಗೂ ಅಲ್ಲೇ ನಿಂತಿರುತ್ತೇನೆ. ಇದನ್ನು ಯಾರಿಗೆ ಬೇಕಾದರೂ ತೋರಿಸಿ; ನಿಮ್ಮ ಯಜಮಾನರ ಎದುರು ಹೇಳು ಎಂದರೂ ಹೇಳುತ್ತೇನೆ. ನನ್ನನ್ನು ಕ್ಷಮಿಸಿ ಎಂದು ಕೇಳುವುದಿಲ್ಲ. ಓದಿದ ಮೇಲೆ ನನಗೆ ಏನು ಹೇಳಬೇಕೆಂದು ಯೋಚಿಸುತ್ತ ನಿಲ್ಲಬೇಡಿ. ಅದು ಊಟದ ಹೊತ್ತು. ಸುಮಾರು ಮೂರು ವರ್ಷಗಳಿಂದ ಸುಮತಿ ಟೀಚರ್ ಹಿಂದಿನ ಜಗಲಿಯಲ್ಲಿ ಒಬ್ಬರೇ ಕೂತು ಬುತ್ತಿ ಬಿಚ್ಚುತ್ತಾರಂತೆ.